ಎಪ್‌ವರ್ತ್ ಪಾದ್ರಿಮನೆಯ ಮಹಾತಾಯಿ ಸುಸನ್ನಾ ವೆಸ್ಲಿ

ಚೆನ್ನೈನ ರಾಯಪೇಟೆಯಲ್ಲಿ, ಸಿಕಂದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ವೆಸ್ಲಿ ಎಂಬ ಹೆಸರು ಹೊಸದಲ್ಲ. ಅಲ್ಲಿನ ಶಾಲೆ, ಕಾಲೇಜು, ದೇವಾಲಯಗಳ ಹೆಬ್ಬಾಗಿಲಿನ ಮೇಲೆ ಆ ಹೆಸರನ್ನು ದಿನನಿತ್ಯ ಕಾಣುವವರು ಅವರು. ಹಳೆಯ ಮೈಸೂರು ಪ್ರಾಂತದಿಂದ ಬಂದ ಹಿರಿಯರಿಗಂತೂ ವೆಸ್ಲಿಯನ್ ಮಿಷನ್ ಎಂದೊಡನೆ ನೆನಪಾಗುವುದು ಮುದ್ರಣಾಲಯ. 1840ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡ ಆ ಮುದ್ರಣಾಲಯದಿಂದಲೇ, ಡೇನಿಯಲ್ ಸ್ಯಾಂಡರ್ಸನ್ ಅವರು ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ ಸಿದ್ಧಪಡಿಸಿದ ಲಕ್ಷ್ಮೀಶನ ಜೈಮಿನಿ ಭಾರತದ ಆವೃತ್ತಿ 1852ರಲ್ಲಿ ಹೊರಬಂದಿತು. ಮಿಷನ್ನಿಗೆ ಆ ಹೆಸರು ಬಂದದ್ದು ಮೆಥಡಿಸ್ಟ್ ಸಂಪ್ರದಾಯದ ಸ್ಥಾಪಕರಾದ ಜಾನ್ ವೆಸ್ಲಿ (1703–1791) ಅವರಿಂದ. ಅವರ ತಮ್ಮ ಚಾರ್ಲ್ಸ್ ಆರು ಸಾವಿರಕ್ಕೂ ಹೆಚ್ಚು ಭಕ್ತಿಗೀತೆಗಳನ್ನು ರಚಿಸಿದ ಕವಿ. ಈ ಇಬ್ಬರ ಕುರಿತು ಗ್ರಂಥಗಳು ಸಾಕಷ್ಟಿವೆ. ಇಲ್ಲಿ ನಾವು ನೆನೆಯಹೊರಟಿರುವುದು ಅವರ ತಾಯಿಯನ್ನು.

ಸುಸನ್ನಾ ವೆಸ್ಲಿ ಅವರು ಯಾವ ಸಭೆಯ ಅಧಿಕಾರವನ್ನೂ ವಹಿಸಲಿಲ್ಲ, ವೇದಿಕೆಯೇರಿ ಪ್ರಸಂಗ ಮಾಡಲಿಲ್ಲ, ಇಂಗ್ಲೆಂಡಿನಾಚೆ ಕಾಲಿಡಲಿಲ್ಲ. ಹತ್ತೊಂಬತ್ತು ಮಕ್ಕಳನ್ನು ಹೆತ್ತರು. ಅವರಲ್ಲಿ ಒಂಬತ್ತು ಮಂದಿಯನ್ನು ಎಳೆಯ ಪ್ರಾಯದಲ್ಲೇ ಮಣ್ಣಿಗೊಪ್ಪಿಸಿದರು. ಸಾಲ, ಬೆಂಕಿ, ನೆರೆಹೊರೆಯವರ ಹಗೆತನ, ಪತಿಯ ಮುಂಗೋಪ ಇವುಗಳ ನಡುವೆ ಮನೆ ನಡೆಸಿದರು. ಪತಿಗೆ ವಿಧೇಯಳಾಗಿರಬೇಕೆಂಬುದನ್ನು ಮನಸಾರೆ ನಂಬಿದ ಸ್ತ್ರೀ. ಆದರೂ ತಮ್ಮ ಅಂತಃಸಾಕ್ಷಿಯ ಕೀಲಿಕೈಯನ್ನು ಮಾತ್ರ ಅವರು ತಂದೆಗಾಗಲಿ, ಪತಿಗಾಗಲಿ, ಸಭೆಗಾಗಲಿ ಎಂದೂ ಒಪ್ಪಿಸಲಿಲ್ಲ. ಈ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಅವರು ಹುಟ್ಟಿದ್ದು ಲಂಡನ್ ನಗರದಲ್ಲಿ, 1669ರ ಜನವರಿ 20ರಂದು. ತಂದೆ ಡಾ. ಸ್ಯಾಮುಯೆಲ್ ಆನ್ಸ್‌ಲಿ ಹೆಸರಾಂತ ಧರ್ಮಬೋಧಕರು. 1662ರಲ್ಲಿ ಇಂಗ್ಲೆಂಡಿನ ಸರ್ಕಾರ ಎಲ್ಲ ಪಾದ್ರಿಗಳೂ ಒಂದೇ ಪ್ರಾರ್ಥನಾ ಪುಸ್ತಕವನ್ನು ಒಪ್ಪಲೇಬೇಕೆಂದು ಕಟ್ಟಳೆ ಮಾಡಿದಾಗ, ಒಪ್ಪಲಾರದೆ ಹುದ್ದೆ ಕಳೆದುಕೊಂಡ ಸುಮಾರು ಎರಡು ಸಾವಿರ ಮಂದಿಯಲ್ಲಿ ಅವರೂ ಒಬ್ಬರು. ಹೀಗೆ ಅಧಿಕೃತ ಸಭೆಯಿಂದ ಹೊರಗುಳಿದವರ ಪಂಗಡಕ್ಕೆ ಲಂಡನ್ನಿನಲ್ಲಿ ಅವರು ಹಿರಿಯ ಮುಖಂಡರಾಗಿದ್ದರು. ರಾಬಿನ್‌ಸನ್ ಕ್ರೂಸೋ ಬರೆದ ಡೇನಿಯಲ್ ಡಿಫೋ ಅವರ ಕುಟುಂಬ ಇವರ ಸಭೆಗೇ ಸೇರಿತ್ತು. ಆನ್ಸ್‌ಲಿ ಅವರು ತೀರಿಕೊಂಡಾಗ ಡಿಫೋ ಚರಮಗೀತೆಯೊಂದನ್ನು ಬರೆದರು. ಇಂತಹ ತಂದೆಯ ಇಪ್ಪತ್ತೈದನೆಯ ಮಗು ಸುಸನ್ನಾ, ಮನೆಗೆಲ್ಲ ಕಿರಿಯವಳು. ಮನೆಯಲ್ಲಿ ಪಂಡಿತರ ಓಡಾಟ, ಎಡೆಬಿಡದ ಧರ್ಮಚರ್ಚೆ. ಹೆಣ್ಣುಮಗಳೆಂದು ಅವರನ್ನು ಯಾರೂ ಪುಸ್ತಕದ ಕಪಾಟಿನಿಂದ ದೂರವಿಡಲಿಲ್ಲ.

ಫಲಿತಾಂಶ ತಂದೆಯವರು ನಿರೀಕ್ಷಿಸಿರದ ರೀತಿಯದು. ಎರಡೂ ಕಡೆಯ ವಾದಗಳನ್ನು ತಾವೇ ಓದಿ, ತೂಗಿ, ಹದಿಮೂರನೆಯ ವಯಸ್ಸು ತುಂಬುವ ಮೊದಲೇ ಈ ಬಾಲಕಿ ಅಧಿಕೃತ ಇಂಗ್ಲೆಂಡ್ ಸಭೆಗೆ ಸೇರುವ ನಿರ್ಧಾರಕ್ಕೆ ಬಂದರು. ಅಂದರೆ, ಯಾವ ಸಭೆಯ ಕಟ್ಟಳೆಗಾಗಿ ತಂದೆ ಅನ್ನದ ದಾರಿಯನ್ನೇ ಕಳೆದುಕೊಂಡಿದ್ದರೋ ಅದೇ ಸಭೆಗೆ. ತಂದೆ ಆಕೆಯನ್ನು ತಡೆಯಲಿಲ್ಲ, ದೂರ ಮಾಡಲೂ ಇಲ್ಲ. ಮರಣಕಾಲದಲ್ಲಿ ತಮ್ಮ ಹಸ್ತಪ್ರತಿಗಳನ್ನು ಬಿಟ್ಟುಹೋದದ್ದು ಈ ಮಗಳಿಗೇ. ಅಂತಃಸಾಕ್ಷಿಗಾಗಿ ತಾವು ತೆತ್ತ ಬೆಲೆಯನ್ನು ಮಗಳೂ ಅದೇ ಕಾರಣಕ್ಕೆ ತೆರಬಹುದೆಂಬುದನ್ನು ಆ ಹಿರಿಯರು ಅರಿತಿದ್ದರೆಂದು ತೋರುತ್ತದೆ.

1688ರ ನವೆಂಬರಿನಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ಯಾಮುಯೆಲ್ ವೆಸ್ಲಿ ಅವರೊಡನೆ ಅವರ ವಿವಾಹ ನೆರವೇರಿತು. ವರನೂ ಭಿನ್ನಮತೀಯರ ಮನೆಯಲ್ಲೇ ಹುಟ್ಟಿ ಅಧಿಕೃತ ಸಭೆಗೆ ಮರಳಿದವರು. ವಿದ್ವಾಂಸರು, ಕವಿ, ಪ್ರಾಮಾಣಿಕರು. ಆದರೆ ದುಡ್ಡಿನ ಲೆಕ್ಕದಲ್ಲಿ ಅಷ್ಟೇ ಅಪ್ರಯೋಜಕರು. ಲಿಂಕನ್‌ಶೈರಿನ ಸೌತ್ ಆರ್ಮ್ಸ್‌ಬಿ ಎಂಬ ಸಣ್ಣ ಹಳ್ಳಿಯಲ್ಲಿ ಕೆಲವು ವರ್ಷ ಕಳೆದ ನಂತರ, 1697ರ ಸುಮಾರಿಗೆ ಅವರಿಗೆ ಅದೇ ಜಿಲ್ಲೆಯ ಎಪ್‌ವರ್ತ್ ಗ್ರಾಮದ ಪಾದ್ರಿಯ ಹುದ್ದೆ ದೊರೆಯಿತು. ಜೌಗುನೆಲದ ನಡುವಣ ಊರು ಅದು. ಜೌಗನ್ನು ಬಸಿದು ಹೊಲ ಮಾಡಿದ ಕಾಲದಿಂದಲೂ ಹೊರಗಿನವರ ಮೇಲೆ, ಅರಸನ ಕಡೆಯವರ ಮೇಲೆ ಜನರಿಗೆ ಸಿಟ್ಟು. ಅಲ್ಲಿಗೆ ಬಂದಿಳಿದ ಪಾದ್ರಿಯಾದರೋ ಮಾತಿನಲ್ಲಿ ಖಡಾಖಂಡಿತ, ರಾಜಪಕ್ಷಪಾತಿ. ಕೃಷಿಯ ಅನುಭವವಿಲ್ಲದಿದ್ದರೂ ಚರ್ಚಿನ ಜಮೀನನ್ನು ತಾವೇ ಸಾಗುವಳಿ ಮಾಡಲು ಹೊರಟು ಸಾಲದ ಮೇಲೆ ಸಾಲ ಮಾಡಿದರು. ಸಂಸಾರದ ನೊಗ ಬಿದ್ದದ್ದು ಸುಸನ್ನಾ ಅವರ ಹೆಗಲಿಗೆ.

ಈ ದಂಪತಿಗಳ ಬಾಳಿನಲ್ಲಿ 1701–02ರ ಚಳಿಗಾಲದಲ್ಲಿ ನಡೆದ ಪ್ರಸಂಗವೊಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಕುಟುಂಬ ಪ್ರಾರ್ಥನೆಯಲ್ಲಿ ಸ್ಯಾಮುಯೆಲ್ ಅವರು ದೊರೆ ಮೂರನೆಯ ವಿಲಿಯಮನ ಕ್ಷೇಮಕ್ಕಾಗಿ ಬೇಡಿಕೊಂಡಾಗ ಪತ್ನಿ ಆಮೆನ್ ಹೇಳುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂತು. ಕಾರಣ ಕೇಳಿದರು. 1688ರ ಕ್ರಾಂತಿಯಲ್ಲಿ ಪಟ್ಟ ಕಳೆದುಕೊಂಡ ಎರಡನೆಯ ಜೇಮ್ಸನೇ ದೈವದತ್ತ ಅರಸ, ವಿಲಿಯಮ್ ಸಿಂಹಾಸನಕ್ಕೆ ಹಕ್ಕುದಾರನಲ್ಲ ಎಂಬುದು ಸುಸನ್ನಾ ಅವರ ನಂಬಿಕೆಯಾಗಿತ್ತು. ನಂಬದ ಪ್ರಾರ್ಥನೆಗೆ ಆಮೆನ್ ಹೇಳುವುದು ದೇವರ ಮುಂದೆ ಸುಳ್ಳಾಡಿದಂತೆ. ಪತಿರಾಯರು ಕೆರಳಿದರು. ಇಬ್ಬರು ಅರಸರಿರುವ ಮನೆಯಲ್ಲಿ ಹಾಸಿಗೆಯೂ ಎರಡಾಗಬೇಕೆಂದು ಆಣೆಯಿಟ್ಟು, ಬೇರೆಯಾಗಿದ್ದು, ಕೊನೆಗೆ ಲಂಡನ್ನಿಗೆ ಹೊರಟುಹೋದರು. ಆರು ಮಕ್ಕಳ ಸಂಸಾರ ಹಳ್ಳಿಯಲ್ಲಿ ಉಳಿಯಿತು.

ಬಹುಕಾಲ ಇದನ್ನು ಮನೆತನದ ಒಂದು ಸ್ವಾರಸ್ಯದ ಕಥೆಯೆಂಬಂತೆ ಹೇಳಲಾಗುತ್ತಿತ್ತು. 20ನೆಯ ಶತಮಾನದ ಮಧ್ಯಭಾಗದಲ್ಲಿ ಸುಸನ್ನಾ ಅವರು ಆ ದಿನಗಳಲ್ಲಿ ಬರೆದ ಪತ್ರಗಳು ಬೆಳಕಿಗೆ ಬಂದ ಮೇಲೆ ಅದರ ನೋವು ಎಷ್ಟೆಂಬುದು ತಿಳಿಯಿತು. ಪರಿಚಿತ ಶ್ರೀಮಂತ ಮಹಿಳೆಯೊಬ್ಬರಿಗೂ, ಅವರ ಮೂಲಕ ಜಾರ್ಜ್ ಹಿಕ್ಸ್ ಎಂಬ ಹಿರಿಯ ಧರ್ಮಪಂಡಿತರಿಗೂ ಅವರು ಪತ್ರ ಬರೆದು ಸಲಹೆ ಬೇಡಿದ್ದರು. ಪತಿಗೆ ವಿಧೇಯಳಾಗುವುದು ಧರ್ಮ. ಮನಸ್ಸಿಗೆ ವಿರುದ್ಧವಾಗಿ ಆಡುವುದು ಪಾಪ. ಇವೆರಡರ ನಡುವೆ ಸಿಲುಕಿದವಳು ಮಾಡಬೇಕಾದುದೇನು? ಹಿಕ್ಸ್ ಅವರ ಉತ್ತರ ಅಂತಃಸಾಕ್ಷಿಯ ಪರವಾಗಿತ್ತು. 1702ರ ಮಾರ್ಚಿನಲ್ಲಿ ವಿಲಿಯಮ್ ದೊರೆ ಮರಣಹೊಂದಿದ. ವಿವಾದದ ಬೇರೇ ಹೋದರೂ ಸ್ಯಾಮುಯೆಲ್ ಅವರ ಹಟ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಪಾದ್ರಿಮನೆಗೆ ಬೆಂಕಿ ತಗುಲಿ ಬಹುಭಾಗ ಸುಟ್ಟುಹೋದ ನಂತರವಷ್ಟೇ ಅವರು ಸಂಸಾರಕ್ಕೆ ಮರಳಿದರು. ಮುಂದಿನ ವರ್ಷ, 1703ರ ಜೂನಿನಲ್ಲಿ, ಅವರಿಗೊಂದು ಗಂಡುಮಗು ಹುಟ್ಟಿತು. ಅದೇ ಜಾನ್ ವೆಸ್ಲಿ. ಆ ರಾಜಿಯಾಗದಿದ್ದಲ್ಲಿ ಮೆಥಡಿಸ್ಟ್ ಸಂಪ್ರದಾಯದ ಇತಿಹಾಸ ಏನಾಗುತ್ತಿತ್ತೆಂದು ಊಹಿಸುವುದು ಚರಿತ್ರಕಾರರಿಗೆ ಇಂದಿಗೂ ಪ್ರಿಯವಾದ ವಿಷಯ.

1705ರಲ್ಲಿ ಚುನಾವಣೆಯ ಜಗಳವೊಂದರ ಕಾರಣ ಊರಿನ ಹಗೆ ಭುಗಿಲೆದ್ದಿತು. ಪಾದ್ರಿಮನೆಯ ಕಿಟಕಿಯ ಕೆಳಗೆ ರಾತ್ರಿಯಿಡೀ ಗದ್ದಲ, ಕೂಗಾಟ. ಬಾಣಂತಿ ಸುಸನ್ನಾ ಒಳಗೆ. ಕೂಸನ್ನು ನೋಡಿಕೊಳ್ಳುತ್ತಿದ್ದ ದಾದಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಿನ ಜಾವ ಗಾಢನಿದ್ರೆಗೆ ಜಾರಿ ಮಗ್ಗುಲಾದಾಗ ಕೂಸು ಅವಳ ಮೈಕೆಳಗೆ ಸಿಕ್ಕಿ ಉಸಿರುಗಟ್ಟಿ ಸತ್ತಿತು. ಆ ದುಃಖ ಆರುವ ಮೊದಲೇ, ಮೂವತ್ತು ಪೌಂಡಿಗಿಂತ ಕಡಿಮೆಯ ಸಾಲಕ್ಕಾಗಿ ಸ್ಯಾಮುಯೆಲ್ ಅವರನ್ನು ಲಿಂಕನ್ ಕೋಟೆಯ ಸೆರೆಮನೆಗೆ ಹಾಕಿಸಿದರು. ಮನೆಯ ಹಸುಗಳನ್ನು ರಾತ್ರೋರಾತ್ರಿ ಯಾರೋ ಇರಿದರು, ಮಕ್ಕಳಿಗೆ ಹಾಲಿಲ್ಲದಾಯಿತು. ಕೈಯಲ್ಲಿ ಕಾಸಿಲ್ಲದ ಸುಸನ್ನಾ ತಮ್ಮ ಉಂಗುರಗಳನ್ನು ಬಿಚ್ಚಿ ಪತಿಯ ಖರ್ಚಿಗೆಂದು ಸೆರೆಮನೆಗೆ ಕಳುಹಿಸಿಕೊಟ್ಟರು. ಅವರು ಅವುಗಳನ್ನು ಹಿಂದಿರುಗಿಸಿದರು. ಇಷ್ಟೆಲ್ಲ ಜಗಳವಾಡಿದ ದಂಪತಿಗಳ ನಡುವಿನ ಪ್ರೀತಿಯನ್ನು ಅಳೆಯಲು ಈ ಉಂಗುರಗಳ ಹೋಗಿಬರುವಿಕೆ ಒಂದೇ ಸಾಕು. ಯಾರ್ಕಿನ ಆರ್ಚ್‌ಬಿಷಪ್ ಜಾನ್ ಶಾರ್ಪ್ ಅವರು ಸಹಾಯಕ್ಕೆ ಬಂದು, ಮನೆಯಲ್ಲಿ ಎಂದಾದರೂ ಊಟಕ್ಕಿಲ್ಲದೆ ಇದ್ದುದುಂಟೇ ಎಂದು ಸುಸನ್ನಾ ಅವರನ್ನೇ ವಿಚಾರಿಸಿದರು. ಪೂರ್ತಿ ಇಲ್ಲವೆಂಬ ದಿನ ಬಂದಿಲ್ಲವಾದರೂ, ರೊಟ್ಟಿಯನ್ನು ಹೊಂದಿಸುವ ಚಿಂತೆ ಮತ್ತು ಅನಂತರ ಅದರ ಹಣ ತೀರಿಸುವ ಚಿಂತೆಯಲ್ಲಿ ಅದರ ರುಚಿಯೇ ಕಹಿಯಾಗುತ್ತಿತ್ತೆಂದು ಅವರು ತಿಳಿಸಿದರು. ದೂರಿನ ದನಿಯಿಲ್ಲದ ಈ ಉತ್ತರ ಕೇಳಿ ಆರ್ಚ್‌ಬಿಷಪ್ಪರು ಉದಾರವಾಗಿ ನೆರವಾದರು.

ಇಂತಹ ಮನೆಯಲ್ಲಿ ಆಕೆ ಶಾಲೆ ನಡೆಸಿದರು. ಇಪ್ಪತ್ತು ವರ್ಷಗಳ ಕಾಲ, ದಿನಕ್ಕೆ ಆರು ಗಂಟೆ: ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. ಮಗುವಿಗೆ ಐದು ವರ್ಷ ತುಂಬಿದ ಮರುದಿನವೇ ಅಕ್ಷರಾಭ್ಯಾಸ. ಅಂದು ಮನೆಯಲ್ಲಿ ಬೇರಾವ ಗಡಿಬಿಡಿಯೂ ಕೂಡದು, ಕೋಣೆಯೊಳಗೆ ಯಾರೂ ಬರಕೂಡದು. ಒಂದೇ ದಿನದಲ್ಲಿ ಮಗು ಅಕ್ಷರಗಳನ್ನೆಲ್ಲ ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳು ಮಾತ್ರ ಒಂದೂವರೆ ದಿನ ತೆಗೆದುಕೊಂಡರೆಂದು ಅವರೇ ದಾಖಲಿಸಿದ್ದಾರೆ. ಮರುದಿನದಿಂದ ಬೈಬಲಿನ ಆದಿಕಾಂಡದ ಮೊದಲ ಸಾಲಿನಿಂದಲೇ ಓದು. ಹೆಣ್ಣುಮಗು ಸರಾಗವಾಗಿ ಓದಲು ಕಲಿಯುವವರೆಗೆ ಅವಳ ಕೈಗೆ ಸೂಜಿದಾರ ಕೊಡಕೂಡದೆಂಬುದು ಅವರ ನಿಯಮಗಳಲ್ಲೊಂದು. ಹೊಲಿಗೆ ಮೊದಲು, ಓದು ಸಾಧ್ಯವಾದರೆ ಎಂಬ ಆ ಕಾಲದ ರೂಢಿಗೆ ಇದು ಸಂಪೂರ್ಣ ವಿರುದ್ಧ. ಮೂರನೆಯ ಮಗಳ ನಂತರ ಹುಟ್ಟಿದ ಹೆಟ್ಟಿ (ಮೆಹೆಟಬೆಲ್) ಎಂಟನೆಯ ವಯಸ್ಸಿಗೇ ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದಬಲ್ಲವಳಾಗಿದ್ದಳೆಂದು ಪ್ರತೀತಿ.

ಅವರ ಶಿಸ್ತು ಬಹಳ ಕಟ್ಟುನಿಟ್ಟು. ವರ್ಷ ತುಂಬಿದ ಮಗು ಅತ್ತರೂ ಮೆಲ್ಲಗೆ ಅಳಬೇಕು. ಊಟದ ನಡುವೆ ತಿಂಡಿ ಕೇಳಕೂಡದು. ಮಗುವಿನ ಸ್ವೇಚ್ಛೆಯನ್ನು ಎಳೆಯದರಲ್ಲೇ ಮಣಿಸಬೇಕು, ಬೆತ್ತದ ಭಯವೂ ಇರಬೇಕು. ಇಂದಿನ ತಾಯಂದಿರು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದರೊಡನೆ ಇನ್ನೂ ಕೆಲವು ನಿಯಮಗಳಿದ್ದವು. ತಪ್ಪನ್ನು ತಾನಾಗಿ ಒಪ್ಪಿಕೊಂಡ ಮಗುವಿಗೆ ಪೆಟ್ಟಿಲ್ಲ. ಒಮ್ಮೆ ಶಿಕ್ಷಿಸಿದ ತಪ್ಪನ್ನು ಮತ್ತೆ ಎತ್ತಿ ಆಡುವಂತಿಲ್ಲ. ಒಬ್ಬರ ವಸ್ತುವನ್ನು, ಅದು ಗುಂಡುಸೂಜಿಯಾದರೂ ಸರಿ, ಕೇಳದೆ ಮತ್ತೊಬ್ಬರು ಮುಟ್ಟುವಂತಿಲ್ಲ. ಮಗು ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸ ಕೆಟ್ಟರೂ ಉದ್ದೇಶವನ್ನು ಮೆಚ್ಚಬೇಕು. ಮನೆಯ ಆಳುಗಳೊಡನೆ ಮಕ್ಕಳು ಗೌರವದಿಂದ ಮಾತನಾಡಬೇಕು. ಈ ವಿವರಗಳೆಲ್ಲ ನಮಗೆ ದೊರೆತಿರುವುದು 1732ರಲ್ಲಿ ಮಗ ಜಾನ್ ಅವರ ಕೋರಿಕೆಯ ಮೇರೆಗೆ ಆಕೆ ಬರೆದ ದೀರ್ಘ ಪತ್ರದಿಂದ.

ಗದ್ದಲದ ಅಡುಗೆಮನೆಯಲ್ಲಿ ಅವರು ಮೇಲುಡುಪಿನ ಸೆರಗನ್ನು ತಲೆಯ ಮೇಲೆ ಹೊದ್ದು ಪ್ರಾರ್ಥನೆಗೆ ಕೂರುತ್ತಿದ್ದರು, ಆಗ ಮಕ್ಕಳು ಸದ್ದು ಮಾಡುತ್ತಿರಲಿಲ್ಲ ಎಂಬ ಕಥೆಯನ್ನು ಓದುಗರು ಕೇಳಿರಬಹುದು. ಚಿತ್ರ ಸುಂದರವಾದುದು, ಆದರೆ ಅವರ ಬರಹಗಳು ಹೇಳುವುದೇ ಬೇರೆ. ದಿನಕ್ಕೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಸಾಧ್ಯವಾದಾಗ ನಡುಹಗಲಿನಲ್ಲಿಯೂ ಸ್ವಲ್ಪ ಹೊತ್ತು, ಅವರು ಏಕಾಂತಕ್ಕೆಂದು ಮೀಸಲಿಡುತ್ತಿದ್ದರು. ಆ ವೇಳೆಯಲ್ಲಿ ಲೇಖನಿ ಹಿಡಿದು ತಮ್ಮ ಮನಸ್ಸಿನೊಡನೆ ವಾದಿಸುತ್ತಿದ್ದರು. ಆ ದಿನಚರಿಯ ಪುಟಗಳಲ್ಲಿ ಲಾಕ್, ಪಾಸ್ಕಲ್ ಮೊದಲಾದ ತತ್ತ್ವಜ್ಞಾನಿಗಳನ್ನು ಓದಿ ಪ್ರತಿಕ್ರಿಯಿಸುವ ಹೆಂಗಸೊಬ್ಬರನ್ನು ಕಾಣುತ್ತೇವೆ. ಸೆರಗು ಹೊದ್ದ ತಾಯಿಗಿಂತ ಈ ತಾಯಿಯೇ ಹೆಚ್ಚು ಸ್ಮರಣೀಯರೆಂದು ನಮ್ಮ ಭಾವನೆ.

1709ರ ಫೆಬ್ರವರಿ 9ರ ನಡುರಾತ್ರಿ ಪಾದ್ರಿಮನೆ ಮತ್ತೆ ಹತ್ತಿಕೊಂಡಿತು. ಈ ಬಾರಿ ಉಳಿದದ್ದು ಗೋಡೆಗಳ ಅವಶೇಷವಷ್ಟೇ. ತುಂಬು ಗರ್ಭಿಣಿಯಾಗಿದ್ದ ಸುಸನ್ನಾ ಅವರು ಕಿಟಕಿ ಹತ್ತಲಾರದೆ, ಬೇರೆ ದಾರಿಯಿಲ್ಲದೆ, ಉರಿಯ ನಡುವಿನಿಂದಲೇ ನಡೆದು ಹೊರಬಂದರು. ಕೈ ಮತ್ತು ಮುಖ ಸುಟ್ಟುಕೊಂಡಿದ್ದವು. ಮಕ್ಕಳನ್ನು ಎಣಿಸಿದಾಗ ಐದೂವರೆ ವರ್ಷದ ಜಾನ್ ಇರಲಿಲ್ಲ. ಮೇಲಂತಸ್ತಿನ ಕಿಟಕಿಯಲ್ಲಿ ಮಗುವಿನ ಮುಖ ಕಂಡಿತು. ಏಣಿ ತರಲು ಸಮಯವಿಲ್ಲ. ಒಬ್ಬನ ಹೆಗಲ ಮೇಲೆ ಮತ್ತೊಬ್ಬ ನಿಂತು ಹುಡುಗನನ್ನು ಸೆಳೆದುಕೊಂಡ. ಆ ಕ್ಷಣಕ್ಕೇ ಚಾವಣಿ ಒಳಕ್ಕೆ ಕುಸಿಯಿತು. ತಂದೆ ಬಿಟ್ಟುಹೋದ ಹಸ್ತಪ್ರತಿಗಳೂ, ಹದಿಮೂರರ ವಯಸ್ಸಿನ ಆ ನಿರ್ಧಾರಕ್ಕೆ ಕಾರಣಗಳೇನೆಂದು ತಾವು ಬರೆದಿಟ್ಟಿದ್ದ ಕಾಗದವೂ ಅಂದು ಬೂದಿಯಾದವು.

ಹೊಸ ಇಟ್ಟಿಗೆಯ ಮನೆ ಏಳುವವರೆಗೆ ಮಕ್ಕಳನ್ನು ಪರಿಚಿತರ, ಬಂಧುಗಳ ಮನೆಗಳಲ್ಲಿ ಹಂಚಿ ಇರಿಸಬೇಕಾಯಿತು. ಮರಳಿ ಬಂದಾಗ ಅವರ ಮಾತು, ನಡೆ ಕೆಟ್ಟಿದ್ದವು. ಎಲ್ಲವನ್ನೂ ಮತ್ತೆ ಮೊದಲಿನಿಂದ ತಿದ್ದುವ ಕೆಲಸ. ಈ ಹೊತ್ತಿನಲ್ಲೇ ನಮ್ಮ ನಾಡಿನ ಕಡಲತೀರದ ಸುದ್ದಿಯೊಂದು ಆ ಮನೆ ಸೇರಿತು.

1706ರಲ್ಲಿ ಜೀಗೆನ್‌ಬಾಲ್ಗ್ ಮತ್ತು ಪ್ಲುಚೌ ಎಂಬಿಬ್ಬರು ಜರ್ಮನ್ ಯುವಕರು ಡೆನ್ಮಾರ್ಕಿನ ಅರಸನ ಆಶ್ರಯದಲ್ಲಿ ತಮಿಳು ನಾಡಿನ ತರಂಗಂಬಾಡಿಗೆ ಬಂದಿಳಿದಿದ್ದರು. ತಮಿಳು ಕಲಿತು, ಮಕ್ಕಳಿಗೆ ಶಾಲೆ ತೆರೆದು ದುಡಿಯುತ್ತಿದ್ದ ಅವರ ಪತ್ರಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟವಾದವು. ಸ್ಯಾಮುಯೆಲ್ ಅವರ ಓದುವ ಕೋಣೆಯಲ್ಲಿದ್ದ ಆ ಪುಸ್ತಕ ಹಿರಿಯ ಮಗಳು ಎಮಿಲಿಯಾಳ ಕೈಗೆ ಸಿಕ್ಕಿತು. ಅವಳು ತಾಯಿಗೆ ಓದಿ ಹೇಳಿದಳು. ಹಲವು ದಿನ ಸುಸನ್ನಾ ಅವರಿಗೆ ಬೇರೊಂದು ಯೋಚನೆಯಿರಲಿಲ್ಲ. ತಾನು ಗಂಡಸಲ್ಲ, ಪಾದ್ರಿಯೂ ಅಲ್ಲ. ಆದರೂ ಇರುವ ಠಾವಿನಲ್ಲೇ ಇನ್ನೂ ಏನನ್ನಾದರೂ ಮಾಡಬಲ್ಲೆನೆಂಬ ತುಡಿತ ಹುಟ್ಟಿತು. ಮೊದಲು ಮಕ್ಕಳಿಂದ ಆರಂಭಿಸಿದರು. ವಾರದ ಪ್ರತಿ ಸಂಜೆ ಒಂದೊಂದು ಮಗುವಿನೊಡನೆ ಏಕಾಂತದಲ್ಲಿ ಮಾತು: ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್, ಎಮಿಲಿಯಾ ಮತ್ತು ಸೂಕಿ ಇಬ್ಬರಿಗೂ ಭಾನುವಾರ. ಮುಂದೆ ಆಕ್ಸ್‌ಫರ್ಡಿನಲ್ಲಿ ವಿದ್ವಾಂಸರಾಗಿ ನೆಲೆಸಿದ ಮೇಲೂ ಜಾನ್ ಅವರು ಆ ಗುರುವಾರದ ಸಂಜೆಯ ಒಂದಿಷ್ಟು ಸಮಯವನ್ನು ಪತ್ರದ ಮೂಲಕವಾದರೂ ತಮಗೆ ಕೊಡಬೇಕೆಂದು ತಾಯಿಯನ್ನು ಬೇಡಿಕೊಂಡದ್ದುಂಟು.

ಅನಂತರದ್ದು ಅಡುಗೆಮನೆಯ ಸಭೆ. 1711–12ರ ಚಳಿಗಾಲದಲ್ಲಿ ಸ್ಯಾಮುಯೆಲ್ ಅವರು ಪಾದ್ರಿಗಳ ಮಹಾಸಭೆಗೆಂದು ಲಂಡನ್ನಿಗೆ ಹೋಗಿದ್ದರು. ಚರ್ಚನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಪಾದ್ರಿ ಇನ್‌ಮನ್ ಅವರ ಪ್ರಸಂಗಗಳು ಸಪ್ಪೆ. ಮಧ್ಯಾಹ್ನದ ಆರಾಧನೆಯೂ ಇರಲಿಲ್ಲ. ಭಾನುವಾರ ಸಂಜೆ ಸುಸನ್ನಾ ಅವರು ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಪ್ರಾರ್ಥನೆ ಮಾಡಿ, ಪತಿಯ ಗ್ರಂಥಭಂಡಾರದಿಂದ ಒಳ್ಳೆಯ ಪ್ರಸಂಗವೊಂದನ್ನು ಆರಿಸಿ ಓದತೊಡಗಿದರು. ಆಳುಹುಡುಗ ತನ್ನ ಮನೆಯಲ್ಲಿ ಹೇಳಿದ; ಅವನ ತಂದೆತಾಯಿ ಬಂದರು. ಅವರನ್ನು ನೋಡಿ ನೆರೆಯವರು ಬಂದರು. ಮೂವತ್ತು, ನಲವತ್ತು ಎಂದು ಬೆಳೆದ ಗುಂಪು ಕೊನೆಗೆ ಇನ್ನೂರನ್ನು ಮೀರಿತು. ನಿಲ್ಲಲು ಜಾಗವಿಲ್ಲದೆ ಜನ ಹಿಂದಿರುಗಿದರು. ಇವರಲ್ಲಿ ಅನೇಕರು ಕೆಲವೇ ವರ್ಷಗಳ ಹಿಂದೆ ಈ ಮನೆಯ ಹಗೆಗಳಾಗಿದ್ದವರು.

ಸಹಾಯಕ ಪಾದ್ರಿಗೆ ಇದು ಸಹನೆಯಾಗಲಿಲ್ಲ. ಹೆಂಗಸೊಬ್ಬಳು ಸಭೆ ನಡೆಸುತ್ತಿದ್ದಾಳೆ, ಕಾನೂನುಬಾಹಿರ ಕೂಟವಿದು ಎಂದು ಲಂಡನ್ನಿಗೆ ದೂರು ಹೋಯಿತು. ಪತಿಯಿಂದ ಆಕ್ಷೇಪದ ಪತ್ರ ಬಂತು: ಹೆಣ್ಣಿಗೆ ಇದು ತಕ್ಕುದಲ್ಲ, ಬೇರೆ ಯಾರಾದರೂ ಓದಲಿ. 1712ರ ಫೆಬ್ರವರಿಯಲ್ಲಿ ಸುಸನ್ನಾ ಅವರು ಬರೆದ ಉತ್ತರಗಳು ಅವರ ಬರಹಗಳಲ್ಲೇ ಶ್ರೇಷ್ಠವಾದವು. ಸಿಟ್ಟಿಲ್ಲ, ಅಳುವಿಲ್ಲ, ವಕೀಲರ ವಾದದಂತಹ ಕ್ರಮ. ಬೇರೆಯವರು ಓದಲೆಂದರೆ, ಅಲ್ಲಿ ನೆರೆದವರಲ್ಲಿ ಅಕ್ಷರ ಕೂಡಿಸದೆ ಸರಾಗವಾಗಿ ಓದಬಲ್ಲ ಗಂಡಸೇ ಇಲ್ಲ. ಸಭೆ ಸೇರಿದಂದಿನಿಂದ ಚರ್ಚಿಗೆ ಬರುವವರ ಸಂಖ್ಯೆ ಹೆಚ್ಚಿದೆ. ಪಾದ್ರಿ ಊರಿನಲ್ಲಿಲ್ಲದಾಗ ಆತನ ಮನೆಯಲ್ಲಿರುವ ಆತ್ಮಗಳ ಹೊಣೆ ಆತನ ಪತ್ನಿಯದೇ ತಾನೇ? ಕೊನೆಯ ಅಂಶವೇ ಮುಖ್ಯವಾದುದು. ಬರಿಯ ಇಚ್ಛೆ ತಿಳಿಸಿದರೆ ಸಾಲದು, ಸ್ಪಷ್ಟವಾಗಿ ಆಜ್ಞೆ ಮಾಡಬೇಕು. ಆಗ ನಿಲ್ಲಿಸುವೆ, ಆದರೆ ಅಂತಿಮ ತೀರ್ಪಿನ ದಿನ ಈ ಲೋಪಕ್ಕೆ ಉತ್ತರ ಕೊಡುವ ಭಾರ ಆಜ್ಞೆ ಮಾಡಿದವರದಾಗಿರಲಿ ಎಂಬುದು ಅದರ ತಾತ್ಪರ್ಯ. ಪತಿಯ ಅಧಿಕಾರವನ್ನು ಅವರು ಒಂದಿಷ್ಟೂ ಅಲ್ಲಗಳೆಯಲಿಲ್ಲ. ಆ ಅಧಿಕಾರದ ಪೂರ್ಣ ತೂಕವನ್ನು ಅವರ ಕೈಗೇ ಇತ್ತರು. ಸ್ಯಾಮುಯೆಲ್ ಆಜ್ಞೆ ಮಾಡಲಿಲ್ಲ. ಸಭೆಗಳು ಅವರು ಮರಳುವವರೆಗೂ ನಡೆದವು. ಅಡುಗೆಮನೆಯ ಆ ಗುಂಪಿನಲ್ಲಿ ಎಂಟು ವರ್ಷದ ಜಾನ್, ನಾಲ್ಕು ವರ್ಷದ ಚಾರ್ಲ್ಸ್ ಕುಳಿತಿದ್ದರು.

1716–17ರ ಚಳಿಗಾಲದಲ್ಲಿ ಪಾದ್ರಿಮನೆಯಲ್ಲಿ ವಿಚಿತ್ರ ಸದ್ದುಗಳ ಕಾಟ ಕಾಣಿಸಿಕೊಂಡು, ಮಕ್ಕಳು ಅದಕ್ಕೆ ಮುದಿ ಜೆಫ್ರಿ ಎಂದು ಹೆಸರಿಟ್ಟದ್ದು ಇಂಗ್ಲೆಂಡಿನಲ್ಲೆಲ್ಲ ಪ್ರಸಿದ್ಧವಾದ ಕಥೆ. ಸುಸನ್ನಾ ಅವರು ಮೊದಲು ಇಲಿಗಳಿರಬೇಕೆಂದು ಕೊಂಬು ಊದಿಸಿ ಓಡಿಸಲು ನೋಡಿದರು. ಸ್ಯಾಮುಯೆಲ್ ಅವರು ಹೊಸ ದೊರೆ ಜಾರ್ಜನಿಗಾಗಿ ಪ್ರಾರ್ಥಿಸುವಾಗಲೇ ಸದ್ದು ಜೋರಾಗುತ್ತಿತ್ತಂತೆ. ಈ ಮನೆಯ ದೆವ್ವಕ್ಕೂ ರಾಜಕೀಯ ನಿಲುವಿತ್ತೆಂದು ನಗಬಹುದು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನಗು ಉಳಿಯುವುದಿಲ್ಲ. ಮೂವರು ಗಂಡುಮಕ್ಕಳೂ ಲಂಡನ್ನಿನ ಶಾಲೆಗಳಿಗೆ, ಆಕ್ಸ್‌ಫರ್ಡಿಗೆ ಹೋದರು. ಅವರಷ್ಟೇ ಜಾಣರಾದ ಏಳು ಹೆಣ್ಣುಮಕ್ಕಳು ಜೌಗುನೆಲದ ಹಳ್ಳಿಯಲ್ಲಿ, ಹರಿದ ಬಟ್ಟೆಯಲ್ಲಿ ಉಳಿದರು. ಬಹುತೇಕ ಎಲ್ಲರ ದಾಂಪತ್ಯವೂ ದುಃಖದಲ್ಲೇ ಮುಗಿಯಿತು. ಇವರಲ್ಲಿ ಅತ್ಯಂತ ಪ್ರತಿಭಾವಂತೆಯಾದ ಹೆಟ್ಟಿ 1725ರಲ್ಲಿ ತಾನು ಮೆಚ್ಚಿದವನೊಡನೆ ಮನೆ ಬಿಟ್ಟು ಹೋಗಿ, ಅವನಿಂದ ಮೋಸಹೋಗಿ ಗರ್ಭಿಣಿಯಾಗಿ ಮರಳಿದಳು. ತಂದೆ ಅವಳನ್ನು ಓದುಬರಹದ ಗಂಧವಿಲ್ಲದ ಕೊಳಾಯಿ ಕೆಲಸದವನೊಬ್ಬನಿಗೆ ಅವಸರದಲ್ಲಿ ಮದುವೆ ಮಾಡಿಕೊಟ್ಟರು, ಸಾಯುವವರೆಗೂ ಕ್ಷಮಿಸಲಿಲ್ಲ. ತಾಯಿಯೂ ಆಗ ಮಗಳ ಪಶ್ಚಾತ್ತಾಪವನ್ನು ನಂಬದೆ ಕಠಿಣವಾಗಿಯೇ ನಡೆದುಕೊಂಡರು. ತಪ್ಪೊಪ್ಪಿದ ಮಗುವಿಗೆ ಶಿಕ್ಷೆಯಿಲ್ಲವೆಂದು ನಿಯಮ ಮಾಡಿದವರೇ ಆ ನಿಯಮವನ್ನು ಅತ್ಯಂತ ಅಗತ್ಯವಿದ್ದಾಗ ಮರೆತರು. ತಂದೆಯ ಊರಿನ ವೇದಿಕೆಯಲ್ಲೇ ನಿಂತು ದಯೆಯ ಕುರಿತು ಪ್ರಸಂಗ ಮಾಡಿ ಅಕ್ಕನ ಪರವಹಿಸಿದವರು ಮಗ ಜಾನ್.

1735ರ ಏಪ್ರಿಲಿನಲ್ಲಿ ಸ್ಯಾಮುಯೆಲ್ ಅವರು ತೀರಿಕೊಂಡರು. ಯೋಬನ ಗ್ರಂಥದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಅವರು ವರ್ಷಗಟ್ಟಲೆ ಬರೆದ ಬೃಹತ್ ವ್ಯಾಖ್ಯಾನ ಅಚ್ಚಿನಲ್ಲಿತ್ತು. ಮನೆಯಲ್ಲಿ ಉಳಿದದ್ದು ಸಾಲ. ಪಾದ್ರಿಮನೆಯನ್ನು ಹೊಸ ಪಾದ್ರಿಗೆ ಬಿಟ್ಟುಕೊಡಬೇಕಾಯಿತು. ಆ ವರ್ಷವೇ ಜಾನ್ ಮತ್ತು ಚಾರ್ಲ್ಸ್ ಅವರಿಗೆ ಅಮೆರಿಕೆಯ ಜಾರ್ಜಿಯಾ ವಸಾಹತಿಗೆ ಧರ್ಮಸೇವೆಗಾಗಿ ಕರೆ ಬಂತು. ವಿಧವೆ ತಾಯಿಯನ್ನು ಬಿಟ್ಟು ಹೋಗಲು ಜಾನ್ ಹಿಂಜರಿದಾಗ, ಮತ್ತೆ ಕಾಣುವೆನೆಂಬ ಭರವಸೆಯಿಲ್ಲದಿದ್ದರೂ ಸುಸನ್ನಾ ಸಂತೋಷದಿಂದಲೇ ಬೀಳ್ಕೊಟ್ಟರು. ನಂತರದ ನಾಲ್ಕೈದು ವರ್ಷ ಮಕ್ಕಳ ಮನೆಯಿಂದ ಮಕ್ಕಳ ಮನೆಗೆ: ಗೇನ್ಸ್‌ಬರೋದಲ್ಲಿ ಎಮಿಲಿಯಾ, ಟಿವರ್ಟನ್ನಿನಲ್ಲಿ ಹಿರಿಯ ಮಗ, ಬಳಿಕ ಮಾರ್ತಾ (ಮನೆಯವರ ಪ್ಯಾಟಿ). ಕಡೆಗೆ ಲಂಡನ್ನಿನಲ್ಲಿ, ಹಳೆಯ ಫಿರಂಗಿ ಎರಕದ ಕಾರ್ಖಾನೆಯನ್ನು ದುರಸ್ತಿ ಮಾಡಿ ಜಾನ್ ತಮ್ಮ ಕೇಂದ್ರವಾಗಿಸಿಕೊಂಡಿದ್ದ ಫೌಂಡರಿಯಲ್ಲಿ ನೆಲೆಸಿದರು.

ಆ ಕೊನೆಯ ದಿನಗಳಲ್ಲಿಯೂ ಅವರ ಒಂದು ಮಾತು ಇತಿಹಾಸದ ದಿಕ್ಕನ್ನು ಬದಲಿಸಿತು. ಜಾನ್ ಊರಿನಲ್ಲಿಲ್ಲದಾಗ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಯುವಕ, ಪಾದ್ರಿಯ ದೀಕ್ಷೆಯಿಲ್ಲದಿದ್ದರೂ, ಪ್ರಸಂಗ ಮಾಡಲಾರಂಭಿಸಿದ. ಸುದ್ದಿ ತಿಳಿದು ಜಾನ್ ಅದನ್ನು ನಿಲ್ಲಿಸಲು ಧಾವಿಸಿ ಬಂದರು. ಮೊದಲು ನೀನೇ ಕುಳಿತು ಅವನ ಪ್ರಸಂಗ ಕೇಳು, ಅದರ ಫಲವನ್ನು ನೋಡು, ಆಮೇಲೆ ತೀರ್ಮಾನಿಸು ಎಂಬುದು ತಾಯಿಯ ಸಲಹೆ. ಜಾನ್ ಕೇಳಿದರು, ಸುಮ್ಮನಾದರು. ದೀಕ್ಷೆ ಪಡೆಯದ ಸಾಮಾನ್ಯ ಜನ, ರೈತರು, ಕುಶಲಕರ್ಮಿಗಳು ಊರೂರು ತಿರುಗಿ ಬೋಧಿಸುವ ಮೆಥಡಿಸ್ಟ್ ಪದ್ಧತಿ ಹೀಗೆ ಬೇರೂರಿತು. ಮೂವತ್ತು ವರ್ಷಗಳ ಹಿಂದೆ ಅಡುಗೆಮನೆಯ ಸಭೆಯನ್ನು ಸಮರ್ಥಿಸಿಕೊಳ್ಳಲು ಅವರು ಪತಿಯ ಮುಂದಿಟ್ಟ ವಾದವೂ ಇದೇ ಆಗಿತ್ತು. 1741ರಲ್ಲಿ ಜಾನ್ ಅವರ ಪರವಾಗಿ, ಪ್ರಸಿದ್ಧ ಬೋಧಕ ವಿಟ್‌ಫೀಲ್ಡ್ ಅವರ ವಾದಕ್ಕೆ ಪ್ರತಿಯಾಗಿ ಲೇಖಕರ ಹೆಸರಿಲ್ಲದೆ ಅಚ್ಚಾದ ಕಿರುಹೊತ್ತಗೆಯೊಂದು ಸುಸನ್ನಾ ಅವರದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವರ ಪತ್ರ, ದಿನಚರಿ, ಬೋಧಪ್ರಬಂಧಗಳೆಲ್ಲ ಸೇರಿ ಸಮಗ್ರ ಕೃತಿಸಂಪುಟವಾಗಿ ಆಕ್ಸ್‌ಫರ್ಡಿನಿಂದ ಪ್ರಕಟವಾಗಲು 1997ರವರೆಗೆ ಕಾಯಬೇಕಾಯಿತು.

1742ರ ಜುಲೈ ತಿಂಗಳಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಫೌಂಡರಿಯಲ್ಲೇ ಅವರು ಕೊನೆಯುಸಿರೆಳೆದರು. ಜಾನ್ ಮತ್ತು ಹೆಣ್ಣುಮಕ್ಕಳು ಹಾಸಿಗೆಯ ಸುತ್ತ ಇದ್ದರು. ತಾನು ಹೋದೊಡನೆ ಅಳದೆ ದೇವರಿಗೆ ಸ್ತುತಿಗೀತೆ ಹಾಡಬೇಕೆಂದು ಅವರು ಕೇಳಿಕೊಂಡಿದ್ದರು. ಮಕ್ಕಳು ಹಾಗೆಯೇ ಮಾಡಿದರು. ಆಗಸ್ಟ್ 1ರ ಭಾನುವಾರ ಅಪಾರ ಜನಸ್ತೋಮದ ನಡುವೆ ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಅಧಿಕೃತ ಸಭೆಯಿಂದ ಹೊರಗುಳಿದವರ ಸ್ಮಶಾನವದು. ಜಾನ್ ಬನ್ಯನ್, ಡೇನಿಯಲ್ ಡಿಫೋ ಮಲಗಿರುವುದೂ ಅಲ್ಲಿಯೇ. ಹದಿಮೂರರಲ್ಲಿ ತಂದೆಯ ಪಂಗಡವನ್ನು ತೊರೆದ ಮಗಳು ಅರವತ್ತು ವರ್ಷಗಳ ನಂತರ ಆ ಪಂಗಡದವರ ನಡುವೆಯೇ ಮಣ್ಣಾದರು.

1778ರಲ್ಲಿ ಜಾನ್ ಅವರು ತಮ್ಮ ಹೊಸ ದೇವಾಲಯವನ್ನು ಕಟ್ಟಿಸಿದ್ದು ಆ ಸ್ಮಶಾನದ ಎದುರಿಗೆ, ರಸ್ತೆಯಾಚೆ. ಹತ್ತು ಮಕ್ಕಳಲ್ಲಿ ಕೊನೆಗೆ ಉಳಿದಿದ್ದವರು ಮಾರ್ತಾ. ತಾಯಿಯಂತೆಯೇ ಓದಿನಲ್ಲಿ ಆಸಕ್ತಿ, ಮಾತಿನಲ್ಲಿ ತರ್ಕ; ನಿಘಂಟುಕಾರ ಸ್ಯಾಮುಯೆಲ್ ಜಾನ್ಸನ್ ಅವರು ಆಕೆಯೊಡನೆ ಧರ್ಮ, ತತ್ತ್ವಗಳ ಚರ್ಚೆಗೆಂದು ಬಹಳ ವಿಶ್ವಾಸದಿಂದ ಕರೆಯಿಸಿಕೊಳ್ಳುತ್ತಿದ್ದರು. ಜಾನ್ 1791ರ ಮಾರ್ಚಿನಲ್ಲಿ ತೀರಿಕೊಂಡರು. ನಾಲ್ಕು ತಿಂಗಳ ನಂತರ ಮಾರ್ತಾ ಅವರೂ ಹೋದರು. ಅವರನ್ನು ಅಣ್ಣನ ಸಮಾಧಿಯಲ್ಲೇ ಇರಿಸಲಾಯಿತು.